ಗಾಳಿ, ಆದಾಯ, ಆಯುಷ್ಯ: ದೇಶಗಳ ಅಂಕಿ-ಅಂಶಗಳಿಂದ ಮೂರರ ನಂಟನ್ನು ಅಳೆಯುವ ಕ್ರಮ

ದೇಶದ ಆದಾಯ ಏರಿದರೆ ಜನರ ಆಯುಷ್ಯ ಏರುತ್ತದೆ, ಉಸಿರಾಡುವ ಗಾಳಿ ಕೆಟ್ಟರೆ ಆಯುಷ್ಯ ಕುಗ್ಗುತ್ತದೆ. ಈ ಎರಡು ಮಾತುಗಳನ್ನು ಯಾರೂ ಅಲ್ಲಗಳೆಯಲಾರರು. ಆದರೆ ಎಷ್ಟು ಏರುತ್ತದೆ, ಎಷ್ಟು ಕುಗ್ಗುತ್ತದೆ ಎಂದು ಕೇಳಿದೊಡನೆ ತೊಡಕು ಎದುರಾಗುತ್ತದೆ. ಆದಾಯವು ಆಯುಷ್ಯವನ್ನು ನೇರವಾಗಿಯೂ ಬದಲಿಸುತ್ತದೆ, ಗಾಳಿಯ ಮೂಲಕವೂ ಬದಲಿಸುತ್ತದೆ; ಹೀಗಾಗಿ ಒಂದರ ಪರಿಣಾಮವನ್ನು ಇನ್ನೊಂದರ ಲೆಕ್ಕಕ್ಕೆ ಬರೆದುಬಿಡುವ ಅಪಾಯ ಪ್ರತಿ ಹೆಜ್ಜೆಯಲ್ಲೂ ಇರುತ್ತದೆ. ಸಾರ್ವಜನಿಕವಾಗಿ ದೊರೆಯುವ ಅಂಕಿ-ಅಂಶಗಳನ್ನೂ ಒಂದು ಸ್ಪ್ರೆಡ್‌ಶೀಟನ್ನೂ ಇಟ್ಟುಕೊಂಡು ಈ ಗಂಟನ್ನು ಬಿಡಿಸಬಯಸುವ ವಿದ್ಯಾರ್ಥಿಗಳು, ಪತ್ರಕರ್ತರು ಮತ್ತು ಆಸಕ್ತ ಓದುಗರಿಗಾಗಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಮೊದಲ ಹೆಜ್ಜೆ: ಮೂರು ಅಳತೆಗಳ ಅರ್ಥ ತಿಳಿಯುವುದು

ಲೆಕ್ಕಕ್ಕೆ ಕೈ ಹಾಕುವ ಮೊದಲು, ನಾವು ಹೋಲಿಸಹೊರಟಿರುವ ಮೂರು ಸಂಖ್ಯೆಗಳು ನಿಜವಾಗಿ ಏನನ್ನು ಅಳೆಯುತ್ತವೆ ಎಂಬುದು ಸ್ಪಷ್ಟವಾಗಬೇಕು. ಅನೇಕ ವಿಶ್ಲೇಷಣೆಗಳು ದಾರಿ ತಪ್ಪುವುದು ಇಲ್ಲಿಯೇ ಆದ್ದರಿಂದ ಈ ಹೆಜ್ಜೆಗೆ ಸಾಕಷ್ಟು ಸಮಯ ಕೊಡಿ.

ಹುಟ್ಟಿನ ಸಮಯದ ನಿರೀಕ್ಷಿತ ಜೀವಿತಾವಧಿ ಎಂಬುದು ಭವಿಷ್ಯವಾಣಿಯಲ್ಲ. ಒಂದು ವರ್ಷದಲ್ಲಿ ಆಯಾ ವಯಸ್ಸಿನವರ ಮರಣ ಪ್ರಮಾಣ ಎಷ್ಟಿತ್ತೋ ಅದೇ ಪ್ರಮಾಣ ಮುಂದೆಯೂ ಬದಲಾಗದೆ ಉಳಿಯುತ್ತದೆ ಎಂದು ಭಾವಿಸಿದರೆ, ಆ ವರ್ಷ ಹುಟ್ಟಿದ ಮಗು ಸರಾಸರಿ ಎಷ್ಟು ಕಾಲ ಬದುಕೀತು ಎಂಬ ಲೆಕ್ಕ ಅದು. ಆದ್ದರಿಂದ ಶಿಶು ಮರಣ ಹೆಚ್ಚಿರುವ ಬಡ ದೇಶಗಳಲ್ಲಿ ಈ ಸಂಖ್ಯೆಯನ್ನು ಬಹುಪಾಲು ನಿರ್ಧರಿಸುವುದು ಮಕ್ಕಳ ಸಾವು. ಶ್ರೀಮಂತ ದೇಶಗಳಲ್ಲಿ ಅದನ್ನು ನಿರ್ಧರಿಸುವುದು ಅರವತ್ತು ದಾಟಿದವರ ಸಾವು. ಗಾಳಿಯ ಮಾಲಿನ್ಯ ಎರಡೂ ತುದಿಗಳನ್ನು ಮುಟ್ಟುತ್ತದೆ. ಮಕ್ಕಳಲ್ಲಿ ಅದು ನ್ಯುಮೋನಿಯಾದಂತಹ ಶ್ವಾಸಕೋಶದ ಸೋಂಕುಗಳ ರೂಪದಲ್ಲಿಯೂ, ತೂಕ ಕಡಿಮೆಯಾಗಿ ಅಥವಾ ದಿನ ತುಂಬುವ ಮೊದಲೇ ಆಗುವ ಹೆರಿಗೆಗಳ ರೂಪದಲ್ಲಿಯೂ ಕಾಣಿಸಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಮತ್ತು ಶ್ವಾಸಕೋಶದ ಕ್ಯಾನ್ಸರ್ ಆಗಿ ಬರುತ್ತದೆ. ಹೀಗಾಗಿ ಹುಟ್ಟಿನ ಸಮಯದ ಜೀವಿತಾವಧಿಯ ಜೊತೆಗೆ, ಅರವತ್ತನೆಯ ವಯಸ್ಸಿನಲ್ಲಿ ಉಳಿದಿರುವ ನಿರೀಕ್ಷಿತ ಆಯುಷ್ಯವನ್ನೂ ಇನ್ನೊಂದು ಕಾಲಂನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಆದಾಯಕ್ಕೆ ಸಾಮಾನ್ಯವಾಗಿ ಬಳಸುವುದು ತಲಾ ಒಟ್ಟು ದೇಶೀಯ ಉತ್ಪನ್ನ, ಅಂದರೆ ತಲಾ ಜಿಡಿಪಿ. ಅದನ್ನು ಕೊಳ್ಳುವ ಶಕ್ತಿಗೆ ಹೊಂದಿಸಿದ ರೂಪದಲ್ಲಿಯೇ, ಅಂದರೆ ದೇಶ ದೇಶಗಳ ಬೆಲೆಗಳ ವ್ಯತ್ಯಾಸವನ್ನು ಸರಿದೂಗಿಸಿದ ರೂಪದಲ್ಲಿಯೇ, ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ವಿನಿಮಯ ದರದ ಏರಿಳಿತವೇ ಆದಾಯದ ಏರಿಳಿತವಾಗಿ ಕಾಣುತ್ತದೆ. ಜಿಡಿಪಿ ಎಂದರೆ ದೇಶದೊಳಗೆ ಉತ್ಪಾದನೆಯಾದದ್ದೇ ಹೊರತು ಅಲ್ಲಿನ ಜನರ ಕೈಗೆ ಸೇರಿದ್ದಲ್ಲ ಎಂಬುದನ್ನೂ ನೆನಪಿನಲ್ಲಿಡಿ. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಆಸ್ತಿಯನ್ನು ಲೆಕ್ಕಪತ್ರದಲ್ಲಿ ಐರ್ಲೆಂಡಿಗೆ ವರ್ಗಾಯಿಸಿದ್ದರಿಂದ 2015ರಲ್ಲಿ ಆ ದೇಶದ ಜಿಡಿಪಿ ಒಂದೇ ವರ್ಷದಲ್ಲಿ ನಾಲ್ಕನೆಯ ಒಂದು ಭಾಗದಷ್ಟು ಜಿಗಿಯಿತು. ಜನರ ಬದುಕು ಹಾಗೇನೂ ಜಿಗಿಯಲಿಲ್ಲ. ತೈಲದಿಂದ ಹಣ ಹರಿದು ಬಂದ ಈಕ್ವಟೋರಿಯಲ್ ಗಿನಿಯಲ್ಲಿ ತಲಾ ಆದಾಯ ನೆರೆಯ ದೇಶಗಳಿಗಿಂತ ಬಹಳ ಮೇಲಿದ್ದರೂ ಜೀವಿತಾವಧಿ ಅದಕ್ಕೆ ತಕ್ಕಂತೆ ಏರಲಿಲ್ಲ. ಇಂಥ ದೇಶಗಳಿಗೆ ಒಟ್ಟು ರಾಷ್ಟ್ರೀಯ ಆದಾಯ, ಅಂದರೆ ದೇಶದ ನಿವಾಸಿಗಳ ಪಾಲಿಗೆ ಬಂದ ಆದಾಯ, ಹೆಚ್ಚು ಪ್ರಾಮಾಣಿಕವಾದ ಅಳತೆ.

ಗಾಳಿಗೆ ಪಿಎಂ 2.5 ಎಂಬ ಅಳತೆಯನ್ನು ಆರಿಸಿಕೊಳ್ಳಿ. 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಈ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಅವುಗಳಲ್ಲಿ ಅತಿ ಸೂಕ್ಷ್ಮವಾದವು ರಕ್ತವನ್ನೂ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದರ ವಾರ್ಷಿಕ ಸರಾಸರಿ ಮಿತಿಯನ್ನು ಒಂದು ಘನ ಮೀಟರ್ ಗಾಳಿಗೆ 10 ಮೈಕ್ರೋಗ್ರಾಂ ಎಂದು ಸೂಚಿಸಿತ್ತು. 2021ರಲ್ಲಿ ಅದನ್ನು 5ಕ್ಕೆ ಇಳಿಸಿತು. ಜಗತ್ತಿನ ಶೇ 99ರಷ್ಟು ಜನ ಆ ಸಂಸ್ಥೆಯ ಮಿತಿಗಳನ್ನು ಮೀರಿದ ಗಾಳಿಯನ್ನೇ ಉಸಿರಾಡುತ್ತಿದ್ದಾರೆ. (ಇನ್ನು ಮುಂದೆ ಮೈಕ್ರೋಗ್ರಾಂ ಎಂದು ಬರೆದಲ್ಲೆಲ್ಲ ಒಂದು ಘನ ಮೀಟರಿಗೆ ಎಂದು ಓದಿಕೊಳ್ಳಿ.)

ಎರಡನೆಯ ಹೆಜ್ಜೆ: ಅಂಕಿ-ಅಂಶ ಕೂಡಿಸುವುದು

ಜೀವಿತಾವಧಿ ಮತ್ತು ತಲಾ ಆದಾಯದ ಪಟ್ಟಿಗಳು ವಿಶ್ವ ಬ್ಯಾಂಕಿನ ತಾಣದಲ್ಲಿ ಉಚಿತವಾಗಿ ದೊರೆಯುತ್ತವೆ; ಜೀವಿತಾವಧಿಯ ವಿವರಗಳನ್ನು ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗವೂ ಪ್ರಕಟಿಸುತ್ತದೆ. ಪಿಎಂ 2.5ರ ದೇಶವಾರು ವಾರ್ಷಿಕ ಸರಾಸರಿಯನ್ನು ಉಪಗ್ರಹ ಚಿತ್ರಗಳು, ನೆಲದ ಮಾಪನ ಕೇಂದ್ರಗಳು ಮತ್ತು ವಾತಾವರಣದ ಮಾದರಿಗಳನ್ನು ಬೆರೆಸಿ ಅಂದಾಜು ಮಾಡಲಾಗುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ದೇಶದ ವಿಸ್ತೀರ್ಣದ ಸರಾಸರಿಯನ್ನು ಬಿಟ್ಟು, ಜನಸಂಖ್ಯೆಯ ತೂಕ ಕೊಟ್ಟ ಸರಾಸರಿಯನ್ನೇ ತೆಗೆದುಕೊಳ್ಳಬೇಕು. ಒಂದು ದೇಶದ ಹತ್ತನೆಯ ಒಂದು ಭಾಗ ನೆಲದಲ್ಲಿ ಶೇ 90ರಷ್ಟು ಜನ ವಾಸಿಸುತ್ತಾರೆ, ಅಲ್ಲಿನ ಗಾಳಿಯಲ್ಲಿ 60 ಮೈಕ್ರೋಗ್ರಾಂ ಕಣಗಳಿವೆ, ಉಳಿದ ವಿಶಾಲ ಪ್ರದೇಶದಲ್ಲಿ ಬರಿಯ 10 ಇದೆ ಎಂದುಕೊಳ್ಳೋಣ. ನೆಲದ ಸರಾಸರಿ 15 ಬರುತ್ತದೆ. ಜನರು ನಿಜವಾಗಿ ಉಸಿರಾಡುವ ಸರಾಸರಿ 55. ಕಾಡು ಮತ್ತು ಮರುಭೂಮಿ ಉಸಿರಾಡುವುದಿಲ್ಲವಾದ್ದರಿಂದ ನಮಗೆ ಬೇಕಾದದ್ದು ಎರಡನೆಯ ಸಂಖ್ಯೆ.

ಹೊರಗಿನ ಗಾಳಿಯಷ್ಟೇ ಸಾಲದು. ಜಗತ್ತಿನಲ್ಲಿ ಸುಮಾರು 210 ಕೋಟಿ ಜನ ಇನ್ನೂ ಸೌದೆ, ಬೆರಣಿ, ಇದ್ದಿಲು, ಸೀಮೆಎಣ್ಣೆಗಳ ಹೊಗೆಯ ನಡುವೆ ಅಡುಗೆ ಮಾಡುತ್ತಾರೆ. ವಾಹನ, ಕಾರ್ಖಾನೆಗಳು ಕಡಿಮೆಯಿರುವ ಬಡ ದೇಶವೊಂದರ ಹೊರಗಾಳಿ ಅಂಕಿಗಳಲ್ಲಿ ಚೊಕ್ಕಟವಾಗಿ ಕಂಡರೂ ಅಲ್ಲಿನ ಹೆಂಗಸರು ಮತ್ತು ಕೂಸುಗಳು ಒಲೆಯ ಮುಂದೆ ಉಸಿರಾಡುವ ಗಾಳಿ ಅದಲ್ಲ. ಶುದ್ಧ ಇಂಧನದಲ್ಲಿ ಅಡುಗೆ ಮಾಡುವವರ ಶೇಕಡಾವಾರು ಪ್ರಮಾಣವನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸುತ್ತದೆ; ಅದಕ್ಕೊಂದು ಪ್ರತ್ಯೇಕ ಕಾಲಂ ಇಡಿ. ಈ ಕಾಲಂ ಇಲ್ಲದ ವಿಶ್ಲೇಷಣೆಗಳು ಬಡವರ ಮೇಲಿನ ಮಾಲಿನ್ಯದ ಹೊರೆಯನ್ನು ಕಾಣದಂತೆ ಮಾಡಿಬಿಡುತ್ತವೆ. ಇದು ಬರಿಯ ಲೆಕ್ಕದ ಕೊರತೆಯಲ್ಲ, ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ವರ್ಷವನ್ನು ಆರಿಸುವಾಗ 2020 ಮತ್ತು 2021ನ್ನು ಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ಕ್ಕೆ ಸುಮಾರು 73 ವರ್ಷವಿದ್ದ ಜಾಗತಿಕ ಜೀವಿತಾವಧಿ ಕೋವಿಡ್‌ನಿಂದಾಗಿ 2021ರಲ್ಲಿ 71.4ಕ್ಕೆ ಕುಸಿಯಿತು. ಅದೇ ಅವಧಿಯಲ್ಲಿ ಲಾಕ್‌ಡೌನ್‌ಗಳಿಂದಾಗಿ ಅನೇಕ ನಗರಗಳ ಗಾಳಿ ತಿಳಿಯಾಯಿತು. ಎರಡನ್ನೂ ಒಟ್ಟಿಗೆ ಇಟ್ಟರೆ ಶುದ್ಧ ಗಾಳಿಯೇ ಆಯುಷ್ಯ ಕಡಿಮೆ ಮಾಡಿತು ಎಂಬ ವಿಪರೀತ ತೀರ್ಮಾನ ಬಂದೀತು.

ಇನ್ನೊಂದು ಬಲೆಯೂ ಇದೆ. ಮಾಲಿನ್ಯದಿಂದ ಸತ್ತವರ ಸಂಖ್ಯೆ ಎಂದು ಪ್ರಕಟವಾಗುವ ದೇಶವಾರು ಪಟ್ಟಿಗಳು ಮರಣ ಪತ್ರಗಳನ್ನು ಎಣಿಸಿ ಮಾಡಿದವುಗಳಲ್ಲ. ಪಿಎಂ 2.5ರ ಪ್ರಮಾಣವನ್ನು ಒಂದು ಸೂತ್ರಕ್ಕೆ ಹಾಕಿ ಅವನ್ನು ಪಡೆಯಲಾಗುತ್ತದೆ. ಅಂಥ ಪಟ್ಟಿಯನ್ನು ಪಿಎಂ 2.5ರ ಪಟ್ಟಿಯ ಜೊತೆಗೇ ಹೋಲಿಸಿ ನೋಡಿದರೆ ಬಲವಾದ ಸಂಬಂಧ ಕಾಣುತ್ತದೆ ನಿಜ, ಆದರೆ ನಾವು ಕಂಡದ್ದು ಸೂತ್ರವನ್ನೇ ಹೊರತು ಜಗತ್ತನ್ನಲ್ಲ. ಸಾವುಗಳ ನೋಂದಣಿ ಸರಿಯಿಲ್ಲದ ದೇಶಗಳ ಜೀವಿತಾವಧಿಯೂ ಸಮೀಕ್ಷೆ ಮತ್ತು ಮಾದರಿಗಳಿಂದ ಬಂದ ಅಂದಾಜೇ ಆಗಿರುವುದರಿಂದ, ಅಂಥ ದೇಶಗಳ ಸಾಲುಗಳಿಗೆ ಗುರುತು ಹಾಕಿಟ್ಟುಕೊಳ್ಳಿ.

ಮೂರನೆಯ ಹೆಜ್ಜೆ: ಆದಾಯದ ವಕ್ರರೇಖೆ ಎಳೆಯುವುದು

ಅಡ್ಡಗೆರೆಯ ಮೇಲೆ ತಲಾ ಆದಾಯ, ಲಂಬಗೆರೆಯ ಮೇಲೆ ಜೀವಿತಾವಧಿ ಇಟ್ಟು ಪ್ರತಿ ದೇಶಕ್ಕೂ ಒಂದು ಚುಕ್ಕಿ ಹಾಕಿ. ಆರಂಭದಲ್ಲಿ ಕಡಿದಾಗಿ ಏರಿ ಆಮೇಲೆ ಮಟ್ಟಸವಾಗುವ ಬಾಗು ಕಾಣುತ್ತದೆ. ಜನಸಂಖ್ಯಾಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪ್ರೆಸ್ಟನ್ 1975ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಪ್ರೆಸ್ಟನ್ ವಕ್ರರೇಖೆ ಎಂಬ ಹೆಸರು ಬಂದಿದೆ. ಬಡ ದೇಶದಲ್ಲಿ ಆದಾಯ ಸಾವಿರ ಡಾಲರ್ ಹೆಚ್ಚಿದರೆ ಅನ್ನ, ಕುಡಿಯುವ ನೀರು, ಲಸಿಕೆಗಳ ರೂಪದಲ್ಲಿ ಅದು ಆಯುಷ್ಯವಾಗಿ ಮಾರ್ಪಡುತ್ತದೆ. ಶ್ರೀಮಂತ ದೇಶದಲ್ಲಿ ಅಷ್ಟೇ ಹಣದ ಏರಿಕೆ ಲೆಕ್ಕಕ್ಕೇ ಸಿಗುವುದಿಲ್ಲ.

ಆದ್ದರಿಂದ ಆದಾಯದ ಕಾಲಂಗೆ ಲಾಗರಿದಮ್ ತೆಗೆದುಕೊಳ್ಳಿ. ಆಧಾರ ಸಂಖ್ಯೆ 2 ಇಟ್ಟುಕೊಂಡರೆ ಓದುವುದು ಸುಲಭ: ಒಂದು ಮೆಟ್ಟಿಲೆಂದರೆ ಆದಾಯ ಒಂದು ಸಲ ಇಮ್ಮಡಿಯಾದಂತೆ. ಆಗ ಸಾವಿರದಿಂದ ಎರಡು ಸಾವಿರಕ್ಕೆ ಹೋಗುವುದೂ ಇಪ್ಪತ್ತು ಸಾವಿರದಿಂದ ನಲವತ್ತು ಸಾವಿರಕ್ಕೆ ಹೋಗುವುದೂ ಸಮಾನ ಅಂತರವಾಗಿ ಕಾಣುತ್ತವೆ ಮತ್ತು ಬಾಗಿದ ರೇಖೆ ಬಹುಮಟ್ಟಿಗೆ ನೇರವಾಗುತ್ತದೆ.

ಪ್ರೆಸ್ಟನ್ ಕಂಡುಕೊಂಡ ಇನ್ನೊಂದು ಸಂಗತಿ ನಮ್ಮ ಉದ್ದೇಶಕ್ಕೆ ಇನ್ನೂ ಮುಖ್ಯವಾದದ್ದು. 1930ರ ದಶಕದಿಂದ 1960ರ ದಶಕದ ನಡುವೆ ಇಡೀ ವಕ್ರರೇಖೆಯೇ ಮೇಲಕ್ಕೆ ಸರಿದಿತ್ತು. ಅಂದರೆ ಅದೇ ಆದಾಯಕ್ಕೆ ಮೊದಲಿಗಿಂತ ಹೆಚ್ಚು ಆಯುಷ್ಯ ಸಿಗುತ್ತಿತ್ತು. ಆ ಅವಧಿಯಲ್ಲಿ ಜೀವಿತಾವಧಿ ಹೆಚ್ಚಿದ್ದರಲ್ಲಿ ಆದಾಯದ ಏರಿಕೆಯ ಪಾಲು ಶೇ 10ರಿಂದ 25ರಷ್ಟು ಮಾತ್ರ ಎಂದು ಅವರು ಅಂದಾಜಿಸಿದರು. ಉಳಿದದ್ದಕ್ಕೆ ಕಾರಣ ಸಾರ್ವಜನಿಕ ಆರೋಗ್ಯ ಕ್ರಮಗಳು, ಔಷಧಗಳು ಮತ್ತು ಹರಡಿದ ತಿಳಿವಳಿಕೆ. ಇಂದಿನ ನಕ್ಷೆಯಲ್ಲಿ ಕೋಸ್ಟರಿಕಾದ ಚುಕ್ಕಿಯನ್ನು ಹುಡುಕಿ ನೋಡಿ. ಅಮೆರಿಕಕ್ಕಿಂತ ತಲಾ ಆದಾಯ ಬಹಳ ಕಡಿಮೆಯಿದ್ದರೂ ಅಲ್ಲಿನ ಜೀವಿತಾವಧಿ ಅಮೆರಿಕದ್ದಕ್ಕೆ ಕಡಿಮೆಯೇನೂ ಇಲ್ಲ.

ನಾಲ್ಕನೆಯ ಹೆಜ್ಜೆ: ಎರಡನ್ನೂ ಒಂದೇ ಸಮೀಕರಣದಲ್ಲಿ ಇಡುವುದು

ಪಿಎಂ 2.5 ಮತ್ತು ಜೀವಿತಾವಧಿಯನ್ನು ಮಾತ್ರ ಚುಕ್ಕಿನಕ್ಷೆಯಲ್ಲಿಟ್ಟರೆ ಕೆಳಮುಖವಾದ ಓರೆ ಸಿಗುತ್ತದೆ. ಇಲ್ಲಿಗೇ ನಿಲ್ಲಿಸಬೇಡಿ. ಮಾಲಿನ್ಯ ಹೆಚ್ಚಿರುವ ಅನೇಕ ದೇಶಗಳು ಬಡ ದೇಶಗಳೂ ಹೌದು. ಆಸ್ಪತ್ರೆ, ಆಹಾರ, ನೈರ್ಮಲ್ಯಗಳ ಕೊರತೆಯಿಂದ ಆದ ನಷ್ಟವೂ ಈ ಓರೆಯಲ್ಲಿ ಗಾಳಿಯ ಹೆಸರಿನಲ್ಲಿ ಸೇರಿಕೊಂಡಿರುತ್ತದೆ.

ಒಂದು ಕಲ್ಪಿತ ಲೆಕ್ಕದಿಂದ ಇದನ್ನು ತಿಳಿಯೋಣ. ನಿಜವಾದ ಪರಿಣಾಮ ಹೀಗಿದೆ ಎಂದುಕೊಳ್ಳಿ: ಆದಾಯ ಇಮ್ಮಡಿಯಾದರೆ ಆಯುಷ್ಯ 3 ವರ್ಷ ಹೆಚ್ಚುತ್ತದೆ, ಪಿಎಂ 2.5 ಒಂದು ಮೈಕ್ರೋಗ್ರಾಂ ಹೆಚ್ಚಿದರೆ 0.06 ವರ್ಷ ಕುಗ್ಗುತ್ತದೆ. ಮೊದಲ ದೇಶದ ತಲಾ ಆದಾಯ 4,000 ಡಾಲರ್, ಗಾಳಿಯಲ್ಲಿ 45 ಮೈಕ್ರೋಗ್ರಾಂ. ಎರಡನೆಯದರ ಆದಾಯ 8,000 ಡಾಲರ್, ಗಾಳಿಯಲ್ಲಿ 25. ಆದಾಯದಿಂದ ಬರುವ ಅಂತರ 3 ವರ್ಷ, ಗಾಳಿಯಿಂದ ಬರುವುದು 1.2 ವರ್ಷ, ಒಟ್ಟು 4.2. ಆದಾಯದ ಕಾಲಂ ಬಿಟ್ಟು ನೋಡಿದವರಿಗೆ 20 ಮೈಕ್ರೋಗ್ರಾಂ ಅಂತರಕ್ಕೆ 4.2 ವರ್ಷ ಕಾಣುತ್ತದೆ, ಅಂದರೆ ಒಂದು ಮೈಕ್ರೋಗ್ರಾಮಿಗೆ 0.21. ನಿಜವಾದ ಪರಿಣಾಮಕ್ಕಿಂತ ಇದು ಮೂರೂವರೆ ಪಟ್ಟು ದೊಡ್ಡದು. ಹೀಗೆ ಹಿಗ್ಗಿಸಿದ ಸಂಖ್ಯೆಗಳಿಂದ ಪರಿಸರದ ಪರವಾದ ವಾದಕ್ಕೆ ಸಹಾಯವಾಗುವುದಿಲ್ಲ. ಯಾರಾದರೂ ತಪ್ಪು ತೋರಿಸಿದ ದಿನ ನಿಜವಾದ 1.2 ವರ್ಷವನ್ನೂ ಜನ ನಂಬದಾಗುತ್ತಾರೆ.

ಹಲವು ಕಾರಣಗಳಲ್ಲಿ ಒಂದೊಂದರ ಪಾಲು ಎಷ್ಟು ಎಂದು ಅಂದಾಜಿಸುವ ಲೆಕ್ಕಕ್ಕೆ ರಿಗ್ರೆಷನ್ ಎನ್ನುತ್ತಾರೆ. ಸ್ಪ್ರೆಡ್‌ಶೀಟಿನ ರಿಗ್ರೆಷನ್ ಸೌಲಭ್ಯದಲ್ಲಿ ಜೀವಿತಾವಧಿಯನ್ನು ಫಲಿತವಾಗಿಯೂ, ಆದಾಯದ ಲಾಗರಿದಮ್, ಪಿಎಂ 2.5, ಶುದ್ಧ ಅಡುಗೆ ಇಂಧನದ ಪ್ರಮಾಣ ಇವನ್ನು ಕಾರಣಗಳಾಗಿಯೂ ಕೊಡಿ. ಬೇಕೆಂದರೆ ತಂಬಾಕು ಬಳಕೆ, ಎಚ್‌ಐವಿ ಪ್ರಮಾಣ, ಶಾಲಾ ಶಿಕ್ಷಣದ ವರ್ಷಗಳನ್ನು ಸೇರಿಸಬಹುದು. ಆದರೆ ಹೃದ್ರೋಗದ ಮರಣ ಪ್ರಮಾಣವನ್ನು ಸೇರಿಸಬಾರದು. ಮಾಲಿನ್ಯ ಕೊಲ್ಲುವುದೇ ಬಹುಮಟ್ಟಿಗೆ ಹೃದ್ರೋಗದ ದಾರಿಯಲ್ಲಿ. ಆ ದಾರಿಯನ್ನೇ ಲೆಕ್ಕದಲ್ಲಿ ಮುಚ್ಚಿದರೆ ಮಾಲಿನ್ಯ ನಿರಪರಾಧಿಯಂತೆ ಕಾಣುತ್ತದೆ. ಆದಾಯಕ್ಕೂ ಇದೇ ಮಾತು ಅನ್ವಯಿಸುತ್ತದೆ: ಪಿಎಂ 2.5 ಸೇರಿಸಿದ ಸಮೀಕರಣದಲ್ಲಿ ಆದಾಯದ ಮುಂದೆ ಕಾಣುವ ಸಂಖ್ಯೆ ಗಾಳಿಯ ಮೂಲಕ ಬರುವ ಪಾಲನ್ನು ಬಿಟ್ಟು ಉಳಿದದ್ದು.

ರೇಖೆಯಿಂದ ದೂರ ನಿಂತ ಚುಕ್ಕಿಗಳನ್ನು ಒಂದೊಂದಾಗಿ ನೋಡಿ. ಬಾಂಗ್ಲಾದೇಶದ ಗಾಳಿ ಜಗತ್ತಿನಲ್ಲೇ ಅತ್ಯಂತ ಕೆಟ್ಟ ಗಾಳಿಗಳಲ್ಲಿ ಒಂದು, ಆದರೂ ಅಲ್ಲಿನ ಜೀವಿತಾವಧಿ 70 ದಾಟಿದೆ. ಲಸಿಕೆ, ಭೇದಿಗೆ ಉಪ್ಪು-ಸಕ್ಕರೆ ನೀರಿನ ಚಿಕಿತ್ಸೆ, ತಾಯಂದಿರ ಆರೈಕೆಗಳಲ್ಲಿ ಆ ದೇಶ ಮಾಡಿದ ಕೆಲಸ ಅದಕ್ಕೆ ಕಾರಣ. ಹೊಗೆಯಿಂದ ಹಾನಿಯಿಲ್ಲ ಎಂದು ಇದರ ಅರ್ಥವಲ್ಲ, ಹೊಗೆ ಇಲ್ಲದಿದ್ದರೆ ಇನ್ನೂ ಹೆಚ್ಚು ಬದುಕುತ್ತಿದ್ದರು ಎಂದು ಅರ್ಥ. ಕತಾರ್, ಕುವೈತ್‌ಗಳಲ್ಲಿ ಮರುಭೂಮಿಯ ಧೂಳಿನಿಂದ ಪಿಎಂ 2.5 ಹೆಚ್ಚು, ಆದಾಯವೂ ಹೆಚ್ಚು. ಜೊತೆಗೆ ಅಲ್ಲಿನ ನಿವಾಸಿಗಳಲ್ಲಿ ಬಹುಪಾಲು ಆರೋಗ್ಯ ತಪಾಸಣೆ ಮುಗಿಸಿ ದುಡಿಯಲು ಬಂದ ವಲಸಿಗರು. ಇಂಥ ದೇಶಗಳನ್ನು ಸೇರಿಸಿ ಒಂದು ಸಲ, ಬಿಟ್ಟು ಒಂದು ಸಲ ಲೆಕ್ಕ ಮಾಡಿ. ಉತ್ತರ ತೀರಾ ಬದಲಾದರೆ ಆ ಉತ್ತರವನ್ನು ನೆಚ್ಚುವಂತಿಲ್ಲ.

ಐದನೆಯ ಹೆಜ್ಜೆ: ಕಾಲದ ಜೊತೆ ಹೋಲಿಸುವುದು

ದೇಶ ದೇಶಗಳ ನಡುವೆ ನೂರಾರು ವ್ಯತ್ಯಾಸಗಳಿರುತ್ತವೆ. ಒಂದು ದೇಶವನ್ನು ಅದರದೇ ಹತ್ತು ವರ್ಷ ಹಿಂದಿನ ಸ್ಥಿತಿಯೊಡನೆ ಹೋಲಿಸಿದರೆ ಹವೆ, ಆಹಾರ ಪದ್ಧತಿ, ಚರಿತ್ರೆಗಳಂತಹ ನಿಧಾನವಾಗಿ ಬದಲಾಗುವ ಸಂಗತಿಗಳು ತಾವಾಗಿಯೇ ಕಳೆದುಹೋಗುತ್ತವೆ. ಪ್ರತಿ ದೇಶಕ್ಕೂ ಹತ್ತು ವರ್ಷಗಳಲ್ಲಿ ಆದಾಯ, ಪಿಎಂ 2.5 ಮತ್ತು ಜೀವಿತಾವಧಿಗಳಲ್ಲಿ ಆದ ಬದಲಾವಣೆಯನ್ನು ಕಂಡುಕೊಂಡು ಮತ್ತೆ ರಿಗ್ರೆಷನ್ ಮಾಡಿ. ಯುದ್ಧ ಮತ್ತು ಸಾಂಕ್ರಾಮಿಕಗಳ ವರ್ಷಗಳನ್ನು ಗುರುತಿಸಿ. ಆದಾಯ ಏರುತ್ತಿದ್ದಾಗಲೇ ಬೋಟ್ಸ್‌ವಾನಾದ ಜೀವಿತಾವಧಿ ಎಚ್‌ಐವಿಯಿಂದ ಕುಸಿದದ್ದನ್ನು ಆದಾಯದ ಖಾತೆಗೆ ಹಾಕಿದರೆ ಲೆಕ್ಕ ಕೆಡುತ್ತದೆ.

ಅಮೆರಿಕದ 51 ಮಹಾನಗರ ಪ್ರದೇಶಗಳ ಬಗ್ಗೆ ಆರ್ಡೆನ್ ಪೋಪ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಮಾಡಿದ ಅಧ್ಯಯನ ಈ ವಿಧಾನಕ್ಕೆ ಒಳ್ಳೆಯ ಮಾದರಿ. 1980ರ ಆಸುಪಾಸಿನಿಂದ 2000ದ ಆಸುಪಾಸಿನವರೆಗಿನ ಬದಲಾವಣೆಯನ್ನು ಅವರು ನೋಡಿದರು. ಆದಾಯ, ಶಿಕ್ಷಣ, ಧೂಮಪಾನಗಳ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಪಿಎಂ 2.5 ಹತ್ತು ಮೈಕ್ರೋಗ್ರಾಂ ಇಳಿದಲ್ಲಿ ಆಯುಷ್ಯ ಸುಮಾರು 0.61 ವರ್ಷ ಹೆಚ್ಚಿತ್ತು.

ಆದಾಯ ಏರಿದಂತೆ ಮಾಲಿನ್ಯ ಮೊದಲು ಏರಿ ಆಮೇಲೆ ತಾನಾಗಿಯೇ ಇಳಿಯುತ್ತದೆ ಎಂಬ ವಾದವನ್ನು ಈ ಹಂತದಲ್ಲಿ ನೀವು ಎದುರಿಸಬೇಕಾಗುತ್ತದೆ. ಗಂಧಕದ ಡೈಆಕ್ಸೈಡಿನಂತಹ ಕೆಲವು ಮಾಲಿನ್ಯಕಾರಕಗಳಲ್ಲಿ ಇಂಥ ಆಕಾರ ಕಂಡದ್ದು ನಿಜ. ಆದರೆ ಅದು ತಾನಾಗಿಯೇ ಇಳಿಯಿತು ಎಂಬುದು ನಿಜವಲ್ಲ. 1952ರ ಡಿಸೆಂಬರ್‌ನಲ್ಲಿ ಲಂಡನ್ನನ್ನು ಐದು ದಿನ ಮುಚ್ಚಿದ ಕಲ್ಲಿದ್ದಲಿನ ಹೊಗೆಮಂಜಿನಿಂದ ಸುಮಾರು 4,000 ಜನ ಸತ್ತರೆಂದು ಆಗ ಎಣಿಸಲಾಯಿತು. ನಂತರದ ವಿಶ್ಲೇಷಣೆ ಅದನ್ನು ಸುಮಾರು 12,000ಕ್ಕೆ ಏರಿಸಿತು. ಬ್ರಿಟನ್ ಆಗಲೇ ಶ್ರೀಮಂತ ದೇಶವಾಗಿತ್ತು. ಹೊಗೆಗೆ ಕಡಿವಾಣ ಹಾಕಿದ್ದು 1956ರ ಶುದ್ಧ ಗಾಳಿ ಕಾಯ್ದೆ. ಚೀನಾದಲ್ಲಿಯೂ 2013ರ ರಾಷ್ಟ್ರೀಯ ಕ್ರಿಯಾ ಯೋಜನೆಯ ನಂತರ ಒಂದು ದಶಕದೊಳಗೆ ಪಿಎಂ 2.5 ಸುಮಾರು ಶೇ 40ರಷ್ಟು ಇಳಿಯಿತು. ಹಣದಿಂದ ಇಂಥ ಕ್ರಮಗಳು ಸುಲಭವಾಗುತ್ತವೆ, ಆದರೆ ಯಾರಾದರೂ ಅವನ್ನು ಕೈಗೊಳ್ಳಲೇಬೇಕು.

ಆರನೆಯ ಹೆಜ್ಜೆ: ಸಹಜ ಪ್ರಯೋಗಗಳೊಡನೆ ತಾಳೆ ನೋಡುವುದು

ಎಷ್ಟೇ ಜಾಗರೂಕರಾಗಿದ್ದರೂ ದೇಶವಾರು ರಿಗ್ರೆಷನ್ ಒಂದರಿಂದಲೇ ಕಾರಣವನ್ನು ಸ್ಥಾಪಿಸಲಾಗದು. ನಿಮ್ಮ ಸಂಖ್ಯೆಯನ್ನು ಬೇರೆ ರೀತಿಯ ಸಾಕ್ಷ್ಯದ ಪಕ್ಕದಲ್ಲಿಟ್ಟು ನೋಡಬೇಕು. ಸಂಶೋಧಕರು ಏರ್ಪಡಿಸದಿದ್ದರೂ ಒಂದು ನೀತಿ ಅಥವಾ ಗಡಿಯಿಂದಾಗಿ ತಾನಾಗಿಯೇ ಪ್ರಯೋಗದಂತೆ ಒದಗಿಬರುವ ಹೋಲಿಕೆಗೆ ಸಹಜ ಪ್ರಯೋಗ ಎನ್ನುತ್ತಾರೆ.

ಅತ್ಯಂತ ಪ್ರಸಿದ್ಧವಾದದ್ದು ಚೀನಾದ ಹುವಾಯ್ ನದಿಯ ಉದಾಹರಣೆ. ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗಿಡಲು ನದಿಯ ಉತ್ತರಕ್ಕೆ ಮಾತ್ರ ಸರ್ಕಾರ ಕಲ್ಲಿದ್ದಲು ಆಧಾರಿತ ಉಷ್ಣ ವ್ಯವಸ್ಥೆಯನ್ನು ಒದಗಿಸಿತ್ತು. ನದಿಯ ಎರಡೂ ದಡಗಳ ಜನ ಬೇರೆಲ್ಲ ವಿಷಯಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಇದ್ದುದರಿಂದ ಹೋಲಿಕೆಗೆ ಅರ್ಥ ಬಂತು. 2013ರ ಅಧ್ಯಯನವು ಉತ್ತರದವರ ಆಯುಷ್ಯ ಸುಮಾರು 5.5 ವರ್ಷ ಕಡಿಮೆ ಎಂದಿತು, ಆದರೆ ಅದರ ಶೇ 95ರ ವಿಶ್ವಾಸ ವ್ಯಾಪ್ತಿ, ಅಂದರೆ ನಿಜವಾದ ಸಂಖ್ಯೆ ಇರಬಹುದಾದ ಮಿತಿಗಳು, 0.8ರಿಂದ 10.2 ವರ್ಷಗಳವರೆಗೆ ಹರಡಿತ್ತು. ಹೆಚ್ಚು ಇತ್ತೀಚಿನ ಮತ್ತು ವಿಸ್ತಾರವಾದ ಅಂಕಿಗಳನ್ನು ಬಳಸಿದ 2017ರ ಅಧ್ಯಯನ ಅಂತರವನ್ನು 3.1 ವರ್ಷ ಎಂದಿತು. ಪಿಎಂ 10, ಅಂದರೆ 10 ಮೈಕ್ರಾನ್‌ವರೆಗಿನ ವ್ಯಾಸದ ಕಣಗಳು, ಹತ್ತು ಮೈಕ್ರೋಗ್ರಾಂ ಹೆಚ್ಚಿದರೆ 0.64 ವರ್ಷ ನಷ್ಟ ಎಂಬುದು ಅದರ ತೀರ್ಮಾನ. ಈ ಅಂದಾಜನ್ನು ಪಿಎಂ 2.5ಕ್ಕೆ ಪರಿವರ್ತಿಸಿದಾಗ ಹತ್ತು ಮೈಕ್ರೋಗ್ರಾಮಿಗೆ 0.98 ವರ್ಷ ಬರುತ್ತದೆ. ಷಿಕಾಗೋ ವಿಶ್ವವಿದ್ಯಾಲಯದ ಗಾಳಿ ಗುಣಮಟ್ಟದ ಆಯುಷ್ಯ ಸೂಚ್ಯಂಕ ಬಳಸುವುದು ಇದನ್ನೇ. ಪತ್ರಿಕೆಗಳಲ್ಲಿ ಇಂದಿಗೂ 5.5 ಎಂಬ ಹಳೆಯ ಸಂಖ್ಯೆ ಕಾಣಿಸುತ್ತಿರುತ್ತದೆ. ಎರಡನ್ನೂ ಉಲ್ಲೇಖಿಸದೆ ದೊಡ್ಡದನ್ನು ಮಾತ್ರ ಹೇಳುವುದು ಓದುಗರಿಗೆ ಮಾಡುವ ಮೋಸ.

ಐರ್ಲೆಂಡಿನ ಡಬ್ಲಿನ್ ಇನ್ನೊಂದು ಪಾಠ ಕಲಿಸುತ್ತದೆ. 1990ರಲ್ಲಿ ಅಲ್ಲಿ ಹೊಗೆಯುಗುಳುವ ಕಲ್ಲಿದ್ದಲಿನ ಮಾರಾಟವನ್ನು ನಿಷೇಧಿಸಿದಾಗ ಕಪ್ಪು ಹೊಗೆ ಸುಮಾರು ಶೇ 70ರಷ್ಟು ಇಳಿಯಿತು. ಶ್ವಾಸಕೋಶ ಮತ್ತು ಹೃದಯದ ಕಾಯಿಲೆಗಳ ಸಾವುಗಳೆರಡೂ ಇಳಿದವೆಂದು 2002ರ ಅಧ್ಯಯನ ತೋರಿಸಿತು. ನಿಷೇಧವಿಲ್ಲದ ಪ್ರದೇಶಗಳನ್ನೂ ಇಟ್ಟುಕೊಂಡು ಮರುವಿಶ್ಲೇಷಣೆ ಮಾಡಿದಾಗ ಶ್ವಾಸಕೋಶದ ಸಾವುಗಳ ಇಳಿಕೆ ಉಳಿಯಿತು. ಹೃದ್ರೋಗದ ಸಾವುಗಳು ಎಲ್ಲೆಡೆಯೂ ಇಳಿಯುತ್ತಿದ್ದವು ಎಂದು ತಿಳಿದುಬಂತು. ತಮ್ಮ ತೀರ್ಮಾನವನ್ನು ಮತ್ತೆ ಪರೀಕ್ಷೆಗೆ ಒಡ್ಡಿದ ಆ ಸಂಶೋಧಕರ ಬಗ್ಗೆ ನನಗೆ ಗೌರವವಿದೆ.

ವ್ಯಕ್ತಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳ ಪೈಕಿ 1993ರಲ್ಲಿ ಪ್ರಕಟವಾದ ಹಾರ್ವರ್ಡ್‌ನ ಆರು ನಗರಗಳ ಅಧ್ಯಯನವನ್ನು ತಿಳಿದಿರಬೇಕು. ಎಂಟು ಸಾವಿರಕ್ಕೂ ಹೆಚ್ಚು ವಯಸ್ಕರ ಧೂಮಪಾನ ಮುಂತಾದ ವಿವರಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಅತ್ಯಂತ ಮಲಿನ ನಗರದಲ್ಲಿ ಮರಣ ಪ್ರಮಾಣ ಅತ್ಯಂತ ಶುದ್ಧ ನಗರಕ್ಕಿಂತ ಶೇ 26ರಷ್ಟು ಹೆಚ್ಚಿತ್ತು.

ಏಳನೆಯ ಹೆಜ್ಜೆ: ಫಲಿತಾಂಶವನ್ನು ಬರೆಯುವುದು

ಹತ್ತು ಮೈಕ್ರೋಗ್ರಾಮಿಗೆ ಇಷ್ಟು ವರ್ಷ ಎಂಬ ಒಂದೇ ದರವನ್ನು ಎಲ್ಲ ಮಟ್ಟಗಳಿಗೂ ಹಾಕಬೇಡಿ. ಮಾಲಿನ್ಯ ಏರಿದಂತೆ ಹಾನಿಯ ರೇಖೆ ಬಾಗುತ್ತದೆ ಎಂಬುದನ್ನು ಅನೇಕ ಅಧ್ಯಯನಗಳು ಸೂಚಿಸುತ್ತವೆ. 95ರಿಂದ 85ಕ್ಕೆ ಇಳಿದಾಗ ಸಿಗುವ ಲಾಭಕ್ಕಿಂತ 15ರಿಂದ 5ಕ್ಕೆ ಇಳಿದಾಗ ಸಿಗುವುದು ದೊಡ್ಡದಿರಬಹುದು. ಅತಿ ಮಲಿನ ನಗರಗಳು ಅರ್ಧ ದಾರಿಯಲ್ಲಿ ನಿಲ್ಲದೆ ಪೂರ್ತಿ ಕೆಳಗಿಳಿಯಬೇಕಾದ ಕಾರಣವೂ ಇದೇ. ಪಿಎಂ 2.5ರ ಗಣಿತದ ವರ್ಗವನ್ನು (ಅದನ್ನು ಅದರಿಂದಲೇ ಗುಣಿಸಿದ ಸಂಖ್ಯೆಯನ್ನು) ಅಥವಾ ಲಾಗರಿದಮನ್ನು ಸಮೀಕರಣಕ್ಕೆ ಸೇರಿಸಿ ನಿಮ್ಮ ಅಂಕಿಗಳಲ್ಲಿಯೂ ಬಾಗು ಕಾಣುತ್ತದೆಯೇ ಎಂದು ಪರೀಕ್ಷಿಸಿ.

ದೇಶದ ಸರಾಸರಿಯನ್ನು ವ್ಯಕ್ತಿಯ ಮೇಲೆ ಹೊರಿಸಬೇಡಿ. ಒಂದು ದೇಶದ ಆಯುಷ್ಯ ಮಾಲಿನ್ಯದಿಂದ ಎರಡು ವರ್ಷ ಕುಗ್ಗಿದೆ ಎಂದರೆ ಪ್ರತಿಯೊಬ್ಬರೂ ಎರಡು ವರ್ಷ ಬೇಗ ಸಾಯುತ್ತಾರೆ ಎಂದಲ್ಲ. ಕೆಲವರಿಗೆ ಏನೂ ಆಗದಿರಬಹುದು, ಕೆಲವು ಮಕ್ಕಳು ಇಡೀ ಬದುಕನ್ನೇ ಕಳೆದುಕೊಂಡಿರಬಹುದು.

ಕೊನೆಗೆ ಬರೆಯುವ ವಾಕ್ಯದಲ್ಲಿ ಐದು ಸಂಗತಿಗಳಿರಲಿ: ಯಾವ ವರ್ಷ, ಎಷ್ಟು ದೇಶಗಳು, ಯಾವ ಅಂಶಗಳನ್ನು ಸಮವಾಗಿರಿಸಲಾಗಿದೆ, ಪರಿಣಾಮ ಎಷ್ಟು, ಅದರ ವ್ಯಾಪ್ತಿ ಎಷ್ಟು. ಮಾದರಿಗೆ ಹೀಗೆ ಬರೆಯಬಹುದು: “ಇಷ್ಟು ದೇಶಗಳ 2019ರ ಅಂಕಿ-ಅಂಶಗಳ ಪ್ರಕಾರ, ತಲಾ ಆದಾಯ ಮತ್ತು ಅಡುಗೆ ಇಂಧನದಲ್ಲಿ ಸಮನಾಗಿರುವ ದೇಶಗಳನ್ನು ಹೋಲಿಸಿದಾಗ, ಪಿಎಂ 2.5 ಹತ್ತು ಮೈಕ್ರೋಗ್ರಾಂ ಹೆಚ್ಚಿರುವ ದೇಶದಲ್ಲಿ ಜೀವಿತಾವಧಿ ಸರಾಸರಿ ಇಷ್ಟು ವರ್ಷ ಕಡಿಮೆಯಿದೆ. ಈ ಅಂದಾಜು ಇಷ್ಟರಿಂದ ಇಷ್ಟರ ನಡುವೆ ಇರಬಹುದು.” ಹೊರಗಿಟ್ಟ ದೇಶಗಳ ಹೆಸರನ್ನೂ ಹೊರಗಿಟ್ಟ ಕಾರಣವನ್ನೂ ಈ ವಾಕ್ಯದ ಕೆಳಗೇ ಬರೆಯಿರಿ, ಸ್ಪ್ರೆಡ್‌ಶೀಟನ್ನು ಜೊತೆಗಿಡಿ.